ಕೊನೆಯಲ್ಲಿ ಆರಿಸಿದರೆ ಸಾಲದು

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಡಿಕೆ ಆರಿಸುತ್ತಿದ್ದದ್ದು ಜಗುಲಿಯ ಮೇಲೆ. ಒಣಗಿದ ಅಡಿಕೆಯನ್ನು ನಡುವೆ ಸುರಿದು ಸುತ್ತ ನಾಲ್ಕೈದು ಹೆಂಗಸರು ಕುಳಿತರೆಂದರೆ ಬಾಯಿ ಊರಿನ ಸುದ್ದಿಯಲ್ಲಿ, ಕೈ ಅಡಿಕೆಯಲ್ಲಿ. ಸರಕು, ಬೆಟ್ಟೆ, ರಾಶಿ ಇಡಿ, ಗೊರಬಲು ಎಂಬ ದರ್ಜೆಗಳಾಗಿ ಗುಡ್ಡೆಗಳು ತಾವಾಗಿಯೇ ಏಳುತ್ತಿದ್ದವು. ಅಡಿಕೆಯ ಗುಣ ತಯಾರಾಗುವುದು ಆ ಕೈಗಳಲ್ಲೇ ಎಂದು ಚಿಕ್ಕವನಾಗಿದ್ದ ನನಗೆ ಅನಿಸುತ್ತಿತ್ತು. ಒಮ್ಮೆ ಹಾಗೆಂದು ಬಾಯಿಬಿಟ್ಟಾಗ ಕೊನೆ, ಅಂದರೆ ಅಡಿಕೆಯ ಗೊನೆ, ಕೊಯ್ದು ಮರದಿಂದ ಇಳಿಯುತ್ತಿದ್ದ ಕೊನೆಗೌಡ ನಕ್ಕುಬಿಟ್ಟ. ಎಳೆಯ ಕೊನೆ ಇಳಿಸಿದರೆ ಸರಕು, ಹದ ಮೀರಿ ಬಲಿಯಲು ಬಿಟ್ಟರೆ ಗೊರಬಲು. ಅದು ಮರದ ಮೇಲೆಯೇ ತೀರ್ಮಾನವಾಗಿರುತ್ತದೆ, ಜಗುಲಿಯಲ್ಲಿ ಕುಳಿತವರು ತೀರ್ಮಾನವನ್ನು ಓದಿ ಹೇಳುತ್ತಾರೆ ಅಷ್ಟೆ ಎಂದ. ಹಂಡೆಯಲ್ಲಿ ಬೇಯುವುದು ಹೆಚ್ಚು ಕಡಿಮೆಯಾದರೆ, ಬಣ್ಣ ಕೊಡುವ ಚೊಗರು ತೆಳುವಾದರೆ, ಚಪ್ಪರದ ಮೇಲೆ ಬಿಸಿಲು ಸಾಲದೆ ಬೂಷ್ಟು ಬಂದರೆ ಅದನ್ನೂ ಆರಿಸುವವರು ಬೇರೆ ಮಾಡಿ ಇಡಬಲ್ಲರು. ಸರಿ ಮಾಡಲಾರರು.

ಮುಂದೆ ನಾನು ಶಿವಮೊಗ್ಗ–ಭದ್ರಾವತಿ ರಸ್ತೆಯ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಗುಣಮಟ್ಟ ವಿಭಾಗದ ಕೆಲಸಕ್ಕೆ ಸೇರಿದಾಗ ಅಲ್ಲಿಯೂ ಒಂದು ಜಗುಲಿ ಇತ್ತು. ಉದ್ದನೆಯ ಮೇಜು, ಟ್ಯೂಬ್‌ಲೈಟ್, ಎಣ್ಣೆ ಮೆತ್ತಿದ ಕೈಗವಸು, ಎದುರಿಗೆ ಎರಕದ ಕಬ್ಬಿಣದ ತುಂಡುಗಳ ಗುಡ್ಡೆ. ಮೇಜಿನ ಆ ಬದಿ ಪಾಸು, ಈ ಬದಿ ರಿಜೆಕ್ಷನ್. ಕಾರ್ಖಾನೆ ಎಷ್ಟೇ ದೊಡ್ಡದಿರಲಿ, ಗುಣಮಟ್ಟ ಎಂದೊಡನೆ ಹೆಚ್ಚಿನವರ ಕಣ್ಣ ಮುಂದೆ ಬರುವ ಚಿತ್ರ ಇದೇ. ಕೊನೆಗೌಡನ ಮಾತು ನೆನಪಿದ್ದವನಿಗೆ ಆ ಮೇಜು ಮೊದಲ ವಾರದಲ್ಲೇ ಸ್ವಲ್ಪ ಅನುಮಾನ ಹುಟ್ಟಿಸಿತು.

ಅನುಮಾನಕ್ಕೆ ಲೆಕ್ಕದ ಬೆಂಬಲವೂ ಇದೆ. ಒಂದು ಲಾಟಿನಲ್ಲಿ, ಅಂದರೆ ಒಟ್ಟಿಗೆ ತಯಾರಾದ ರಾಶಿಯಲ್ಲಿ, ನೂರಕ್ಕೆ ಎರಡು ತುಂಡು ಕೆಟ್ಟಿವೆ ಎಂದಿಟ್ಟುಕೊಳ್ಳಿ. ಕಣ್ಣುಮುಚ್ಚಿ ಹತ್ತು ತುಂಡು ಎತ್ತಿ ಪರೀಕ್ಷಿಸಿದರೆ ಹತ್ತೂ ಒಳ್ಳೆಯವೇ ಸಿಗುವ ಸಾಧ್ಯತೆ 100ರಲ್ಲಿ 82. ಅಂದರೆ ಐದು ಲಾಟುಗಳಲ್ಲಿ ನಾಲ್ಕು, ಕೆಟ್ಟ ತುಂಡುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಗೇಟು ದಾಟುತ್ತವೆ. ಐವತ್ತು ಎತ್ತಿ ನೋಡಿದರೂ 100ಕ್ಕೆ 36 ಸಲ ಒಂದೂ ಸಿಕ್ಕಿಬೀಳುವುದಿಲ್ಲ. ಒಂದಾದರೂ ಸಿಕ್ಕೀತು ಎಂದು ನೂರಕ್ಕೆ 95 ಪಾಲು ಧೈರ್ಯದಿಂದ ಹೇಳಬೇಕಾದರೆ ಸುಮಾರು 150 ತುಂಡು ಅಳೆಯಬೇಕು. ಹಾಗಾದರೆ ಎಲ್ಲವನ್ನೂ ನೋಡಿಬಿಡೋಣ ಎನ್ನುವವರಿದ್ದಾರೆ. ನೋಡಬಹುದು; ಆದರೆ ಒಂದೇ ಬಗೆಯ ಸಾವಿರ ತುಂಡುಗಳನ್ನು ಎಂಟು ಗಂಟೆ ನೋಡಿದ ಮನುಷ್ಯನ ಕಣ್ಣು ಮಧ್ಯಾಹ್ನದ ಊಟದ ನಂತರ ಏನನ್ನು ನೋಡುತ್ತಿರುತ್ತದೆ ಎಂಬುದು ಆ ಮೇಜಿನ ಹತ್ತಿರ ಕುಳಿತವರಿಗೆ ಗೊತ್ತು. ಸ್ಯಾಂಪ್ಲಿಂಗ್ ಬೇಡವೆಂದು ನಾನು ಹೇಳುತ್ತಿಲ್ಲ. ಅದು ಕಾವಲು. ಕಾವಲುಗಾರನಿಂದ ತೋಟ ಬೆಳೆಯುವುದಿಲ್ಲ.

ಹಾಗಾದರೆ ಮರದ ಮೇಲೆಯೇ ನೋಡುವುದು ಹೇಗೆ? ಇದಕ್ಕೆ ಉತ್ತರ ಹೊಳೆದದ್ದು ಟೆಲಿಫೋನ್ ಉಪಕರಣ ತಯಾರಿಸುವ ಕಂಪನಿಯೊಂದರಲ್ಲಿ. ನಮ್ಮ ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಮಲೆನಾಡಿನ ಸೌದೆಯ ಇದ್ದಿಲು ಉರಿಸಿ ಕಬ್ಬಿಣ ಕರಗಿಸಲು ಆರಂಭಿಸಿತು. ಮರುವರ್ಷ, 1924ರ ಮೇ 16ರಂದು, ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿ ವಾಲ್ಟರ್ ಶೂಹಾರ್ಟ್ ಎಂಬ ಭೌತವಿಜ್ಞಾನಿ ತನ್ನ ಮೇಲಧಿಕಾರಿಗೆ ಒಂದು ಪುಟದ ಟಿಪ್ಪಣಿ ಬರೆದ. ಅದರೊಳಗೆ ಒಂದು ಸಣ್ಣ ನಕ್ಷೆ ಇತ್ತು. ಇಂದು ಕಂಟ್ರೋಲ್ ಚಾರ್ಟ್ ಎನ್ನುವುದು ಅದೇ.

ಅವನ ಯೋಚನೆಯನ್ನು ನಮ್ಮ ಬಸ್ಸಿನಿಂದ ಹೇಳುವುದು ಸುಲಭ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಬರುವ ಬಸ್ ದಿನಾ ಒಂದೇ ನಿಮಿಷಕ್ಕೆ ತಲುಪುವುದಿಲ್ಲ. ಒಂದು ದಿನ ಐದು ನಿಮಿಷ ಮೊದಲು, ಇನ್ನೊಂದು ದಿನ ಎಂಟು ನಿಮಿಷ ತಡ. ಒಬ್ಬ ಅಜ್ಜಿ ಮೂಟೆ ಹತ್ತಿಸಿದ್ದು, ಗಾಜನೂರಿನಲ್ಲಿ ನಾಲ್ಕು ಜನ ಹೆಚ್ಚು ಹತ್ತಿದ್ದು, ತಿರುವಿನಲ್ಲಿ ಲಾರಿ ಸಿಕ್ಕಿದ್ದು, ಹೀಗೆ ಹತ್ತಾರು ಚಿಕ್ಕ ಕಾರಣಗಳು. ಇವುಗಳಲ್ಲಿ ಯಾವುದನ್ನೂ ಬೆನ್ನು ಹತ್ತಿ ಪ್ರಯೋಜನವಿಲ್ಲ. ಆದರೆ ಆಷಾಢದ ಒಂದು ದಿನ ಮಂಡಗದ್ದೆಯ ಹತ್ತಿರ ಮರ ಬಿದ್ದು ಬಸ್ ಎರಡು ಗಂಟೆ ತಡವಾದರೆ ಅದು ಬೇರೆ ಜಾತಿಯ ತಡ. ಅದಕ್ಕೆ ಬೆರಳಿಟ್ಟು ತೋರಿಸಬಹುದಾದ ಕಾರಣವಿದೆ, ಗರಗಸ ತೆಗೆದುಕೊಂಡು ಹೋಗಿ ಸರಿಪಡಿಸಬಹುದು. ಯಂತ್ರದಲ್ಲಿಯೂ ಈ ಎರಡು ಬಗೆಯ ಏರುಪೇರು ಇರುತ್ತವೆ. ಒಂದು ಯಂತ್ರದ ಸಹಜ ಉಸಿರಾಟ. ಇನ್ನೊಂದು ಹೊಸದಾಗಿ ಬಂದ ಕಾಯಿಲೆ. ಎರಡನ್ನೂ ಕಣ್ಣಳತೆಯಲ್ಲಿ ಬೇರೆ ಮಾಡಲು ಆಗುವುದಿಲ್ಲ, ಗೆರೆ ಎಳೆಯಬೇಕು ಎಂದದ್ದೇ ಶೂಹಾರ್ಟ್‌ನ ಹೆಚ್ಚುಗಾರಿಕೆ.

ಗೆರೆ ಎಳೆಯುವ ಬಗೆಯನ್ನು ಒಂದು ಉದಾಹರಣೆಯಿಂದಲೇ ನೋಡೋಣ. ಎರಕದ ಕಬ್ಬಿಣದ ಹೌಸಿಂಗ್ (ಯಂತ್ರಭಾಗದ ಹೊರಕವಚ) ಒಂದರಲ್ಲಿ 25 ಮಿಲಿಮೀಟರ್ ಬೋರ್, ಅಂದರೆ ಕೊರೆದ ದುಂಡನೆಯ ರಂಧ್ರ, ಇದೆ. ಡ್ರಾಯಿಂಗ್ ಪ್ರಕಾರ ಅದು 25.000ಕ್ಕಿಂತ ಕಡಿಮೆಯಾಗಬಾರದು, 25.021ನ್ನು ದಾಟಬಾರದು. ಅಂದರೆ ನಮಗೆ ಕೊಟ್ಟಿರುವ ಅಂಗಳ 21 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್). ತಲೆಗೂದಲೊಂದರ ದಪ್ಪದ ಮೂರನೆಯ ಒಂದು ಪಾಲಿನ ಆಸುಪಾಸು. ಗಂಟೆಗೊಮ್ಮೆ ಸಾಲಾಗಿ ಬಂದ ಐದು ತುಂಡುಗಳ ಬೋರ್ ಅಳೆದು ಎರಡು ಸಂಖ್ಯೆ ಬರೆದುಕೊಳ್ಳಬೇಕು: ಐದರ ಸರಾಸರಿ, ಮತ್ತು ಅತಿ ದೊಡ್ಡದರಿಂದ ಅತಿ ಚಿಕ್ಕದನ್ನು ಕಳೆದಾಗ ಉಳಿಯುವ ಅಂತರ. ಇಪ್ಪತ್ತು ಇಪ್ಪತ್ತೈದು ಗಂಟೆಗಳ ಲೆಕ್ಕ ಕೂಡಿದ ಮೇಲೆ ಸರಾಸರಿಗಳ ಸರಾಸರಿ 25.010, ಅಂತರಗಳ ಸರಾಸರಿ 6 ಮೈಕ್ರಾನ್ ಎಂದು ಬಂತೆನ್ನಿ. ಐದರ ಗುಂಪಿಗೆ 0.577 ಎಂಬ ಸ್ಥಿರಾಂಕವಿದೆ, ಕೋಷ್ಟಕದಲ್ಲಿ ಸಿಗುತ್ತದೆ. ಆರನ್ನು ಅದರಿಂದ ಗುಣಿಸಿದರೆ ಸುಮಾರು ಮೂರೂವರೆ ಮೈಕ್ರಾನ್. ಈಗ 25.010ರಿಂದ ಮೂರೂವರೆ ಮೇಲೊಂದು, ಮೂರೂವರೆ ಕೆಳಗೊಂದು ಗೆರೆ: 25.0135 ಮತ್ತು 25.0065. ಅಂತರಕ್ಕೂ ಒಂದು ಗೆರೆ ಬೇಕು; ಆರನ್ನು 2.114ರಿಂದ ಗುಣಿಸಿದರೆ ಹದಿಮೂರು ಮೈಕ್ರಾನಿನ ಹತ್ತಿರ. ಇಷ್ಟೇ. ಕಂಪ್ಯೂಟರ್ ಬೇಡ, ಚೌಕುಳಿ ಹಾಳೆ ಮತ್ತು ಪೆನ್ಸಿಲ್ ಸಾಕು. ಹಾಳೆ ಯಂತ್ರದ ಪಕ್ಕದಲ್ಲೇ ನೇತಾಡುತ್ತಿರಬೇಕು, ಆಫೀಸಿನ ಫೈಲಿನಲ್ಲಲ್ಲ.

ಈ ಗೆರೆಗಳು ಡ್ರಾಯಿಂಗಿನ ಗೆರೆಗಳಿಗಿಂತ ಎಷ್ಟು ಒಳಗಿವೆ ನೋಡಿ. ಹೊಸಬರು ಮುಗ್ಗರಿಸುವುದು ಇಲ್ಲೇ. ಡ್ರಾಯಿಂಗಿನ ಮಿತಿ ಗಿರಾಕಿಯ ಮಾತು. ಚಾರ್ಟಿನ ಮಿತಿ ಯಂತ್ರದ ಮಾತು. ಸರಾಸರಿಯ ಚುಕ್ಕೆ 25.015ಕ್ಕೆ ಹಾರಿದಾಗ ಒಂದು ತುಂಡೂ ಕೆಟ್ಟಿರಲಿಕ್ಕಿಲ್ಲ, ಗಿರಾಕಿ ಎಲ್ಲವನ್ನೂ ಸಂತೋಷದಿಂದ ತೆಗೆದುಕೊಂಡಾನು. ಆದರೂ ಯಂತ್ರದಲ್ಲಿ ಏನೋ ಬದಲಾಗಿದೆ ಎಂದು ಚಾರ್ಟ್ ಪಿಸುಗುಡುತ್ತಿದೆ. ತುಂಡು ಕೆಡುವ ಮೊದಲೇ ಬರುವ ಸುದ್ದಿ ಅದು. ಆರಿಸುವ ಮೇಜು ಈ ಸುದ್ದಿಯನ್ನು ಎಂದಿಗೂ ಕೊಡಲಾರದು, ಏಕೆಂದರೆ ಅದಕ್ಕೆ ಗೊತ್ತಿರುವುದು ಪಾಸು ಮತ್ತು ರಿಜೆಕ್ಷನ್ ಎಂಬ ಎರಡೇ ಮಾತು. ಗೆರೆ ದಾಟದೆಯೂ ಚುಕ್ಕೆಗಳು ಕಥೆ ಹೇಳುತ್ತವೆ. ಏಳು ಚುಕ್ಕೆ ಸಾಲಾಗಿ ನಡುಗೆರೆಯ ಒಂದೇ ಬದಿಗೆ ಬಿದ್ದರೆ ಅದು ಬರಿಯ ಆಕಸ್ಮಿಕವಾಗಿರುವುದು ಅಪರೂಪ. ಚುಕ್ಕೆಗಳು ಒಂದೇ ಸಮನೆ ಇಳಿಯುತ್ತಿದ್ದರೆ ಬೋರ್ ಕೊರೆಯುವ ಅಲಗು, ಅಂದರೆ ಬೋರಿಂಗ್ ಇನ್ಸರ್ಟ್, ಸವೆಯುತ್ತಿದೆ ಎಂದೇ ಮೊದಲು ನೋಡಬೇಕು. ಇನ್ಸರ್ಟ್ ಸವೆದಷ್ಟೂ ಬೋರ್ ಕಿರಿದಾಗುತ್ತದೆ. ಸರಾಸರಿ ನೆಟ್ಟಗಿದ್ದು ಅಂತರ ಮಾತ್ರ ಹಿಗ್ಗಿತೆಂದರೆ ಹಿಡಿತ ಸಡಿಲವಾಗಿರಬಹುದು, ಸ್ಪಿಂಡಲ್ ಬೇರಿಂಗ್ ಆಡುತ್ತಿರಬಹುದು.

ಚಾರ್ಟಿನ ಇನ್ನೊಂದು ಉಪಕಾರವನ್ನು ನಾನು ಇನ್ನೂ ಹೆಚ್ಚೆಂದು ಬಗೆಯುತ್ತೇನೆ: ಸುಮ್ಮನಿರುವುದನ್ನು ಅದು ಕಲಿಸುತ್ತದೆ. ನಮ್ಮಲ್ಲಿ ಒಬ್ಬ ಹಿರಿಯ ಆಪರೇಟರ್ ಇದ್ದರು. ಕೈ ಚಳಕದಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಆದರೂ ಅವರ ಶಿಫ್ಟಿನಲ್ಲೇ ಬೋರ್ ಹೆಚ್ಚು ಓಲಾಡುತ್ತಿತ್ತು. ನಿಂತು ನೋಡಿದಾಗ ಕಾರಣ ತಿಳಿಯಿತು. ಪ್ರತಿ ತುಂಡನ್ನೂ ಅಳೆದು, ನಾಲ್ಕು ಮೈಕ್ರಾನ್ ಹೆಚ್ಚಿದ್ದರೆ ನಾಲ್ಕು ಕಡಿಮೆ ಮಾಡಿ, ಮೂರು ಕಡಿಮೆಯಿದ್ದರೆ ಮೂರು ಹೆಚ್ಚಿಸಿ ಯಂತ್ರದ ಹೊಂದಿಕೆಯನ್ನು (ಆಫ್‌ಸೆಟ್) ತಿದ್ದುತ್ತಿದ್ದರು. ಶ್ರದ್ಧೆ ಅಷ್ಟಿತ್ತು. ಆದರೆ ಆ ನಾಲ್ಕು ಮೈಕ್ರಾನ್ ಯಂತ್ರದ ಸಹಜ ಉಸಿರು; ಮುಂದಿನ ತುಂಡಿನಲ್ಲಿ ಅದು ತಾನಾಗಿಯೇ ಇಳಿಯುತ್ತಿತ್ತು, ಇವರು ತಿದ್ದಿದ ನಾಲ್ಕು ಅದರ ಮೇಲೆ ಕೂಡಿಕೊಳ್ಳುತ್ತಿತ್ತು. ಹೀಗೆ ಪ್ರತಿ ಸಲವೂ ತಿದ್ದಿದರೆ ಚೆದುರುವಿಕೆಯ ವರ್ಗ (ವೇರಿಯನ್ಸ್) ಎರಡುಪಟ್ಟಾಗುತ್ತದೆ ಎಂಬುದು ಗಣಿತ. ಅಂದರೆ ಅಳತೆಯ ಓಲಾಟ ನೂರಕ್ಕೆ ಸುಮಾರು 40 ಪಾಲು ಹೆಚ್ಚುತ್ತದೆ. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಎಡ್ವರ್ಡ್ಸ್ ಡೆಮಿಂಗ್ ಇದನ್ನು ಒಂದು ಆಲಿಕೆ ಮತ್ತು ಗೋಲಿಯಿಂದ ತೋರಿಸುತ್ತಿದ್ದ: ಗುರಿಯ ಮೇಲೆ ಆಲಿಕೆ ಹಿಡಿದು ಗೋಲಿ ಬಿಡುವುದು, ಬಿದ್ದ ಜಾಗ ನೋಡಿ ಆಲಿಕೆ ಸರಿಸುವುದು. ಸರಿಸಿದಷ್ಟೂ ಗೋಲಿಗಳು ಚೆಲ್ಲಾಪಿಲ್ಲಿ.

“ಹಾಗಾದರೆ ಕೈ ಕಟ್ಟಿ ಕೂರಲೇ ಸಾರ್?” ಎಂದು ಅವರು ಸ್ವಲ್ಪ ಖಾರವಾಗಿಯೇ ಕೇಳಿದರು. ಗೆರೆಯೊಳಗೆ ಚುಕ್ಕೆ ಇರುವವರೆಗೆ ಹೌದು ಎಂದೆ. ಹಂಡೆಯ ಕೆಳಗಿನ ಬೆಂಕಿಯನ್ನು ನಿಮಿಷಕ್ಕೊಮ್ಮೆ ಕೆದಕಿದರೆ ಅಡಿಕೆ ಒಂದೇ ಹದಕ್ಕೆ ಬೇಯುತ್ತದೆಯೇ ಎಂದು ಕೇಳಿದ ಮೇಲೆ ನಕ್ಕರು. ಅವರದೂ ಅಡಿಕೆಯ ಮನೆಯೇ.

ಈ ವಿದ್ಯೆ ನಮ್ಮ ದೇಶಕ್ಕೆ ಹೊಸದೇನಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. 1931ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಿದ ಪ್ರಶಾಂತಚಂದ್ರ ಮಹಲನೋಬಿಸ್ ಅವರ ಆಹ್ವಾನದ ಮೇಲೆ ಶೂಹಾರ್ಟ್ 1947–48ರಲ್ಲಿ ಭಾರತಕ್ಕೆ ಬಂದು ಕಾರ್ಖಾನೆಗಳವರ ಜೊತೆ ಮಾತನಾಡಿದ್ದ. ಡೆಮಿಂಗ್ ಜಪಾನಿನಲ್ಲಿ ಹೆಸರಾದ ಪಾಠಗಳನ್ನು ಮಾಡಿದ್ದು 1950ರಲ್ಲಿ. ಜಪಾನಿನವರು ಪಾಠವನ್ನು ಯಂತ್ರದ ಪಕ್ಕಕ್ಕೆ ಒಯ್ದರು. ನಮ್ಮಲ್ಲಿ ಅದು ಬಹುಕಾಲ ಪಠ್ಯಪುಸ್ತಕದಲ್ಲೇ ಉಳಿಯಿತು.

ಇಷ್ಟೆಲ್ಲ ಹೇಳುವಾಗ ಒಂದನ್ನು ನಂಬಿಕೊಂಡೇ ಬಂದಿದ್ದೇನೆ: ಅಳತೆ ಸರಿಯಾಗಿದೆ ಎಂದು. ನನ್ನ ಅತಿ ದೊಡ್ಡ ಪೆಟ್ಟು ಬಿದ್ದದ್ದು ಆ ನಂಬಿಕೆಯ ಮೇಲೆಯೇ. ಒಂದು ಲಾಟಿನ ಹೌಸಿಂಗ್‌ಗಳು ಬೋರ್ ಚಿಕ್ಕದಾಗಿದೆ ಎಂಬ ಚೀಟಿಯೊಡನೆ ಗಿರಾಕಿಯಿಂದ ಹಿಂದಕ್ಕೆ ಬಂದವು. ನಮ್ಮ ದಾಖಲೆಯಲ್ಲಿ ಎಲ್ಲವೂ 25.002, 25.003, ಅವರ ದಾಖಲೆಯಲ್ಲಿ 24.998, 24.999. ಎರಡು ದಿನ ಪರಸ್ಪರ ದೂರಿದ್ದಾಯಿತು. ಕೊನೆಗೆ ಸಿಕ್ಕ ಅಪರಾಧಿ ಬಿಸಿ. ಯಂತ್ರದಿಂದ ಇಳಿದ ತುಂಡು ಕೈಗೆ ಬೆಚ್ಚಗೆ ಹತ್ತುವಷ್ಟಿರುವಾಗಲೇ, ಸುಮಾರು 35 ಡಿಗ್ರಿಯಲ್ಲಿ, ನಾವು ಅಳೆಯುತ್ತಿದ್ದೆವು. ಅಳತೆಗಳಿಗೆ ಜಗತ್ತು ಒಪ್ಪಿರುವ ತಾಪಮಾನ 20 ಡಿಗ್ರಿ. ಎರಕದ ಕಬ್ಬಿಣ ಮೀಟರಿಗೆ, ಡಿಗ್ರಿಗೆ, ಹತ್ತೂವರೆ ಮೈಕ್ರಾನಿನಷ್ಟು ಹಿಗ್ಗುತ್ತದೆ. 25 ಮಿಲಿಮೀಟರಿನ ಬೋರ್ 15 ಡಿಗ್ರಿ ತಣಿದರೆ ಸುಮಾರು ನಾಲ್ಕು ಮೈಕ್ರಾನ್ ಕುಗ್ಗುತ್ತದೆ. 21ರ ಅಂಗಳದಲ್ಲಿ ಐದನೆಯ ಒಂದು ಪಾಲು ಬರಿಯ ಗಾಳಿಗೆ ಹೋಯಿತು. ಅಲ್ಯೂಮಿನಿಯಂ ಆಗಿದ್ದರೆ ಇದರ ಎರಡರಷ್ಟು. ಅಂದಿನಿಂದ ಅಳೆಯುವ ತುಂಡನ್ನು ಕಲ್ಲಿನ ಸರ್ಫೇಸ್ ಪ್ಲೇಟಿನ ಮೇಲೆ, ಅಳೆಯುವ ಸಾಧನದ ಪಕ್ಕದಲ್ಲೇ, ಇಬ್ಬರೂ ಒಂದೇ ಬಿಸಿಗೆ ಬರುವವರೆಗೆ ಇಡುವ ಪದ್ಧತಿ ಬಂತು. ಮಲೆನಾಡಿನ ಪುಷ್ಯದ ಬೆಳಿಗ್ಗೆಗೂ ಅದೇ ದಿನದ ಮಧ್ಯಾಹ್ನಕ್ಕೂ ಇರುವ ಅಂತರ ಗೊತ್ತಿರುವವರಿಗೆ, ಬೆಳಿಗ್ಗೆ ಸೆಟ್ ಮಾಡಿದ ಯಂತ್ರ ಊಟದ ಹೊತ್ತಿಗೆ ಏಕೆ ಬೇರೆ ಮಾತಾಡುತ್ತದೆ ಎಂದು ವಿವರಿಸಬೇಕಾಗಿಲ್ಲ.

ಸಾಧನವನ್ನು ಪರೀಕ್ಷಿಸುವ ಸುಲಭ ಉಪಾಯವೊಂದಿದೆ. ಹತ್ತು ತುಂಡುಗಳಿಗೆ ಗುಟ್ಟಾಗಿ ನಂಬರ್ ಹಾಕಿ, ಮೂವರು ಆಪರೇಟರ್‌ಗಳಿಗೆ ಬೇರೆಬೇರೆಯಾಗಿ ಕೊಟ್ಟು, ಪ್ರತಿಯೊಬ್ಬರಿಂದಲೂ ಎರಡು ಮೂರು ಸಲ ಅಳೆಸಿ. ಒಂದೇ ತುಂಡಿಗೆ ಒಬ್ಬನೇ ಮನುಷ್ಯ ಮೂರು ಉತ್ತರ ಕೊಟ್ಟರೆ ತಪ್ಪು ಸಾಧನದ್ದು. ಮೂವರು ತಮ್ಮ ತಮ್ಮ ಉತ್ತರಕ್ಕೆ ಅಂಟಿಕೊಂಡು ಒಬ್ಬರಿಗೊಬ್ಬರು ಒಪ್ಪದಿದ್ದರೆ ತಪ್ಪು ಹಿಡಿಯುವ ಕ್ರಮದ್ದು. ಟಾಲರೆನ್ಸಿನ, ಅಂದರೆ ಡ್ರಾಯಿಂಗ್ ಕೊಟ್ಟ ಅಂಗಳದ, ಹತ್ತನೆಯ ಒಂದು ಪಾಲನ್ನಾದರೂ ತೋರಿಸಲಾರದ ಸಾಧನದಿಂದ ಅಳೆಯಬಾರದು ಎಂಬ ರೂಢಿಯೂ ಒಳ್ಳೆಯದೇ. 21 ಮೈಕ್ರಾನಿನ ಬೋರ್‌ಗೆ ವರ್ನಿಯರ್ ಹಾಕುವವರನ್ನು ಈಗಲೂ ಕಾಣುತ್ತೇನೆ. ಬೋರಿನೊಳಗೆ ತೂರಿಸಿ ನೋಡುವ ಗೋ–ನೋಗೋ ಪ್ಲಗ್ ಗೇಜ್ ಇದ್ದರೂ ಅದು ದಿನವೂ ಕಬ್ಬಿಣದೊಳಗೆ ಹೊಕ್ಕು ಹೊರಬಂದು ಸವೆಯುತ್ತದೆ ಎಂಬುದು ಮರೆತುಹೋಗುತ್ತದೆ.

ಎರಕ ಹೊಯ್ಯುವ ಫೌಂಡ್ರಿಯದು ಬೇರೆಯೇ ಲೋಕ, ಮತ್ತು ನಮ್ಮ ಮಳೆಗಾಲ ಅದರ ಪರಮ ಶತ್ರು. ಹಸಿಮರಳಿನ ಅಚ್ಚಿನಲ್ಲಿ ತೇವ ಸಾಮಾನ್ಯವಾಗಿ ನೂರಕ್ಕೆ ಮೂರು ನಾಲ್ಕು ಪಾಲು ಇರಬೇಕು. ಕಡಿಮೆಯಾದರೆ ಅಚ್ಚು ಉದುರುತ್ತದೆ. ಹೆಚ್ಚಾದರೆ ಕರಗಿದ ಕಬ್ಬಿಣ ತಗುಲಿದೊಡನೆ ನೀರು ಹಬೆಯಾಗಿ, ಹೊರಹೋಗಲು ದಾರಿ ಸಿಗದೆ ಲೋಹದೊಳಗೇ ಗುಳ್ಳೆಯಾಗಿ ಕೂರುತ್ತದೆ. ಅದೇ ಬ್ಲೋಹೋಲ್. ಈ ಗುಳ್ಳೆಯ ಕಿಲಾಡಿತನವೆಂದರೆ ಹೊರಗಿನಿಂದ ಅದು ಕಾಣುವುದಿಲ್ಲ. ಎರಕ ಹೊಯ್ದು, ಮರಳು ಕೆಡವಿ, ಗ್ರೈಂಡ್ ಮಾಡಿ, ಮಷೀನ್ ಶಾಪಿಗೆ ಕಳಿಸಿ, ಅಲ್ಲಿ ಬೋರಿಂಗಿನ ಕೊನೆಯ ಪಾಸಿನಲ್ಲಿ ಕಣ್ಣು ಬಿಡುತ್ತದೆ. ಅಷ್ಟರಲ್ಲಿ ಕರೆಂಟು, ಇನ್ಸರ್ಟ್, ಮನುಷ್ಯನ ಹೊತ್ತು ಎಲ್ಲವೂ ಖರ್ಚಾಗಿರುತ್ತದೆ. ಬೆಳಿಗ್ಗೆ ಮರಳು ಕಲಸುವ ಮಿಲ್ಲರಿನ ಹತ್ತಿರ ಒಂದು ಹಿಡಿ ಮರಳು ತೂಗಿ, ಒಣಗಿಸಿ, ಮತ್ತೆ ತೂಗಿದ್ದರೆ ತಪ್ಪುತ್ತಿದ್ದ ಖರ್ಚು ಅದು. ಹಿರಿಯ ಅಚ್ಚುಗಾರರು ಮರಳನ್ನು ಮುಷ್ಟಿಯಲ್ಲಿ ಹಿಂಡಿ, ಮುರಿದು, ಅಂಚು ನೋಡಿಯೇ ಹೇಳಿಬಿಡುತ್ತಾರೆ. ಅವರ ಕೈಯನ್ನು ನಾನು ನಂಬುತ್ತೇನೆ, ಆದರೆ ಅವರು ರಜೆಯಲ್ಲಿರುವ ದಿನಕ್ಕೆ ತೂಕದ ಲೆಕ್ಕ ಇರಲಿ. ಜೂನ್ ತಿಂಗಳ ಮರಳಿನ ಪರೀಕ್ಷೆ ಮಾರ್ಚ್ ತಿಂಗಳ ಲೆಕ್ಕದಲ್ಲಿ ಸಾಗಬಾರದು. ಶಿಫ್ಟಿಗೊಮ್ಮೆ ನೋಡುತ್ತಿದ್ದುದನ್ನು ಗಂಟೆಗೊಮ್ಮೆ ನೋಡಬೇಕಾದೀತು. ಅಂಗಳದಲ್ಲಿ ನೆನೆದ ಗುಜರಿಯನ್ನು ಒಣಗಿಸದೆ ಕುಲುಮೆಗೆ ಹಾಕಬಾರದು ಎಂಬುದಂತೂ ಗುಣಮಟ್ಟಕ್ಕಿಂತ ಮೊದಲು ಜೀವದ ಮಾತು. ಕರಗಿದ ಲೋಹದ ಕೆಳಗೆ ಸಿಕ್ಕಿದ ನೀರು ಸಿಡಿಯುತ್ತದೆ.

ಮಳೆಗಾಲದ ಇನ್ನೊಂದು ಕಾಟ ತುಕ್ಕು. ಸಂಜೆ ಹೊಳೆಯುತ್ತಿದ್ದ ಬೋರ್ ಬೆಳಿಗ್ಗೆ ಕೆಂಪಗಿರುತ್ತದೆ, ಅದರಲ್ಲೂ ಬೆವರಿನ ಕೈ ತಗುಲಿದ ಜಾಗದಲ್ಲಿ ಬೆರಳಿನ ಗುರುತು ಸಮೇತ. ಎಣ್ಣೆ, ತುಕ್ಕು ತಡೆಯುವ ವಿಸಿಐ ಚೀಲ, ಕೈಗವಸು: ಇಷ್ಟಕ್ಕೆ ಮುಗಿಯುವ ವಿಷಯ, ಯಾರಾದರೂ ಒಬ್ಬರು ಅದನ್ನು ತಮ್ಮದೆಂದುಕೊಂಡರೆ.

ಕೆಲವು ತಪ್ಪುಗಳಿಗೆ ಚಾರ್ಟೂ ಬೇಡ, ಅಳತೆಯೂ ಬೇಡ. ತುಂಡನ್ನು ತಿರುಗುಮುರುಗಾಗಿ ಕೂರಿಸಿ ಉಲ್ಟಾ ಕಡೆ ಡ್ರಿಲ್ ಹಾಕುವುದು ಅಂಥದ್ದು. “ಗಮನವಿಟ್ಟು ಕೆಲಸ ಮಾಡಿ” ಎಂಬ ಬೋರ್ಡ್ ಬರೆಸುವವರಿದ್ದಾರೆ. ತುಂಡನ್ನು ಹಿಡಿದಿಡುವ ಫಿಕ್ಸ್‌ಚರಿನಲ್ಲಿ ಒಂದು ಪಿನ್ ಸೇರಿಸಿ, ತುಂಡು ಉಲ್ಟಾ ಆದರೆ ಕೂರಲೇಬಾರದು ಎಂದು ಮಾಡುವವರೂ ಇದ್ದಾರೆ. ಜಪಾನಿನ ಶಿಗೆಯೊ ಶಿಂಗೊ ಇದಕ್ಕೆ ‘ಪೋಕಾ–ಯೋಕೆ’ ಎಂದು ಹೆಸರಿಟ್ಟ. ನಿದ್ದೆಗಣ್ಣಿನ ರಾತ್ರಿ ಶಿಫ್ಟಿನಲ್ಲಿ ಬೋರ್ಡನ್ನು ಓದುವವರಿಲ್ಲ, ಪಿನ್ ಮಾತ್ರ ಎಚ್ಚರವಾಗಿರುತ್ತದೆ.

ಎಂಟು ಹತ್ತು ಜನರ ಘಟಕ ನಡೆಸುವವರು ಇದರಲ್ಲಿ ಎಲ್ಲಿಂದ ಆರಂಭಿಸಬೇಕೆಂದು ಕೇಳುತ್ತಾರೆ. ಒಂದು ತಿಂಗಳು ಪ್ರತಿ ರಿಜೆಕ್ಷನ್ ತುಂಡಿಗೆ ದೋಷದ ಹೆಸರು, ಯಂತ್ರ, ಹೊತ್ತು ಬರೆದಿಡಿ ಎನ್ನುತ್ತೇನೆ. ಹತ್ತು ಬಗೆಯ ದೋಷಗಳಲ್ಲಿ ಎರಡು ಮೂರೇ ಹೆಚ್ಚಿನ ನಷ್ಟ ಹೊತ್ತಿರುತ್ತವೆ. ಅವುಗಳಲ್ಲಿ ಮೊದಲನೆಯದು ಹುಟ್ಟುವ ಯಂತ್ರಕ್ಕೆ ಮಾತ್ರ ಚಾರ್ಟ್ ನೇತುಹಾಕಿ. ಎಲ್ಲ ಯಂತ್ರಕ್ಕೂ ಒಮ್ಮೆಲೇ ಹಾಕಿದ ಕಡೆಗಳಲ್ಲಿ ಶನಿವಾರ ಸಂಜೆ ಇಡೀ ವಾರದ ಚುಕ್ಕೆಗಳನ್ನು ಒಬ್ಬನೇ ಒಂದೇ ಪೆನ್ನಿನಿಂದ ತುಂಬಿಸುವುದನ್ನು ನೋಡಿದ್ದೇನೆ. ಚುಕ್ಕೆಗಳು ಬಹಳ ಅಂದವಾಗಿದ್ದರೆ ಅನುಮಾನಿಸಿ.

ಕಬ್ಬಿಣದ ಮಾತು ತಮಗಲ್ಲ ಎಂದುಕೊಂಡವರಿಗೆ ಉಪ್ಪಿನಕಾಯಿಯ ಲೆಕ್ಕವೊಂದಿದೆ. ಸಾಗರದ ಕಡೆ ಪರಿಚಿತರೊಬ್ಬರು ಅಪ್ಪೆಮಿಡಿ ಉಪ್ಪಿನಕಾಯಿಯನ್ನು 500 ಗ್ರಾಮಿನ ಬಾಟಲಿಗಳಲ್ಲಿ ತುಂಬಿ ಮಾರುತ್ತಾರೆ. ತೂಕ ಕಡಿಮೆ ಬಂದರೆ ಮರ್ಯಾದೆ ಹೋಗುತ್ತದೆಂದು ಧಾರಾಳವಾಗಿ ತುಂಬುತ್ತಿದ್ದರು. ಮೂವತ್ತು ಬಾಟಲಿ ತೂಗಿ ನೋಡಿದಾಗ ಸರಾಸರಿ 524 ಗ್ರಾಮ್, ಚೆದುರುವಿಕೆಯ ಅಳತೆ 8 ಗ್ರಾಮ್. ಹೆಚ್ಚುಕಡಿಮೆ ಎಲ್ಲ ಬಾಟಲಿಗಳೂ ಸರಾಸರಿಯಿಂದ ಅದರ ಮೂರುಪಟ್ಟಿನೊಳಗೇ ಬೀಳುತ್ತವೆ; ಆ ಮೂರುಪಟ್ಟನ್ನು ಸರಾಸರಿಯಿಂದ ಕಳೆದರೆ ಸರಿಯಾಗಿ 500. ಅಂದರೆ ಆ ಓಲಾಟ ಇರುವವರೆಗೆ 24 ಗ್ರಾಮ್ ದಾನ ಅವರಿಗೆ ಅನಿವಾರ್ಯ. ಓಲಾಟಕ್ಕೆ ಕಾರಣ ಮಿಡಿಗಳ ಗಾತ್ರ. ಎಣಿಸಿ ಹಾಕುತ್ತಿದ್ದರು, ಒಂದು ದಪ್ಪ ಮಿಡಿ ಬಂದರೆ ತೂಕ ಹಾರುತ್ತಿತ್ತು. ಮಿಡಿಯನ್ನು ಮೊದಲು ತಕ್ಕಡಿಯಲ್ಲೇ ತೂಗಿ ಹಾಕಿ, ಕೊರತೆಯನ್ನು ರಸದಿಂದ ತುಂಬುವಂತೆ ಕ್ರಮ ಬದಲಿಸಿದ ಮೇಲೆ 8 ಇದ್ದದ್ದು 3 ಗ್ರಾಮಿಗೆ ಇಳಿಯಿತು. ಈಗ 509ಕ್ಕೆ ಗುರಿಯಿಟ್ಟರೂ ಅಷ್ಟೇ ಧೈರ್ಯ. ಬಾಟಲಿಗೆ ಹದಿನೈದು ಗ್ರಾಮ್, ಸಾವಿರ ಬಾಟಲಿಗೆ ಹದಿನೈದು ಕೆಜಿ. ಒಳ್ಳೆಯ ಮಿಡಿಯ ಈ ವರ್ಷದ ದರ ತಿಳಿದವರು ಉಳಿದ ಗುಣಾಕಾರವನ್ನು ತಾವೇ ಮಾಡಿಕೊಳ್ಳಬಹುದು.